ಆ ಬೊಗ್ಗು ನಮ್ಮ ಇದ್ದಲಲ್ಲ, ಅವ್ವ

ಕೆಂಚನಕೆರೆ, ಡಿ. ಹಿರೇಹಾಳ್ ಮಂಡಲ
ತಾ. ೧೨-೪-೨೦೧೦, ಸೋಮವಾರ

ನನ್ನ ಅವ್ವ ನರಸಮ್ಮನಿಗೆ ಮಗಳು ಗಂಗೋತ್ರಿ ಮಾಡುವ ನಮಸ್ಕಾರ. ಅಗಳಿ ಮಂಡಲದಿಂದ ಜಿಲ್ಲಾ ಪರಿಷತ್ತಿಗೆ ಗೆದ್ದಿರುವ ಮೆಂಬರ್ ನರಸಮ್ಮನವರ ಜೊತೆ ನನಗೆ ಬೇರೆ ಮಾತಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾಗದ ಶುರು ಮಾಡುವುದೇ ಕ್ಷೇಮ ಸಮಾಚಾರದಿಂದ ಎಂದು ಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಬರೆಯುತ್ತೇನೆ. ನನಗೆ ಏಳು ತುಂಬಿ ಎಂಟು ನಡೆಯುತ್ತಿದೆ. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ. ರಾಯದುರ್ಗದ ಯೂನಿಟ್ಟಿನಲ್ಲಿ ಮಿಷನ್ ಮುಂದೆ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವಾಗ ಒಳಗಿನದು ಸುಮ್ಮನೆ ಮಲಗಿರುತ್ತದೆ. ಕರೆಂಟು ಹೋಗಿ ಮಿಷನ್ ನಿಂತ ಕೂಡಲೇ ಒದೆಯಲು ಶುರು ಮಾಡುತ್ತದೆ. ಇದು ಓನರ್ ಕಡೆಯ ಕೂಸು ಎಂದು ಹುಡುಗಿಯರು ನಗುತ್ತಾರೆ. ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಮಾತ್ರ ನಗು ಬರುವುದಿಲ್ಲ, ಊಟ ಸೇರುವುದಿಲ್ಲ. ಯಾಕೆಂದು ನಿನಗೆ ಗೊತ್ತು.

ಪೇಪರಿನಲ್ಲಿ ನಿನ್ನ ಫೋಟೋ ಬಂದಾಗಿನಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಅಪ್ಪ ಎತ್ತುತ್ತಾನೆ. "ನಿಮ್ಮವ್ವ ಮೀಟಿಂಗ್‌ನಾಗವ್ಳೆ ಕಣಮ್ಮ, ಆಮ್ಯಾಕೆ ಮಾಡು" ಎನ್ನುತ್ತಾನೆ. ಅವನ ಬೆನ್ನ ಹಿಂದೆಯೇ ನೀನು ಕೆಮ್ಮುವುದು ಕೇಳಿಸುತ್ತದೆ. ನಿನ್ನ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ ಅವ್ವ? ಅದಕ್ಕೇ ಬರೆಯಲು ಕೂತೆ. ಕರೆಂಟ್ ಕಟ್ ಜಾಸ್ತಿಯಾಗಿ ಯೂನಿಟ್ಟಿಗೆ ರಜೆ ಕೊಟ್ಟಿದ್ದಾರೆ. ನಮ್ಮ ಇಸ್ತ್ರಿ ಸೆಕ್ಷನ್ನಿನಲ್ಲಿರುವ ದೊಡ್ಡಮ್ಮನ ಮಗ ಅಂಜಿ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನೇ ಓದು. ತೆಲುಗು ಅಕ್ಷರ ನಿನಗೆ ಬಾರದಿದ್ದರೂ ಕನ್ನಡ ಸರಾಗವಾಗಿ ಓದುತ್ತೀಯ. ಅಪ್ಪನ ಕೈಗೆ ಕೊಡಬೇಡ. ಕೊಟ್ಟರೆ ಕನ್ನಡಕ ಏರಿಸಿ ತಾನೇ ಮೆಂಬರ್ ಎನ್ನುವ ಹಾಗೆ ಓದಿ, ನಿನಗೆ ಬೇಕಾದ್ದನ್ನು ಬಿಟ್ಟು ಮಿಕ್ಕಿದ್ದನ್ನು ಹೇಳುತ್ತಾನೆ.

ಫೋಟೋ ಬಂದ ದಿನ ಇಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿರಲಾರರು. ನಮ್ಮ ಮಾವ ಗೋಪಾಲಪ್ಪನವರು ಬೆಳಿಗ್ಗೆ ಟೀ ಅಂಗಡಿಗೆ ಹೋಗಿ ತೆಲುಗು ಪೇಪರ್ ಓದಿ ಬರುವವರು. ಅವತ್ತು ಪೇಪರನ್ನೇ ಕಂಕುಳಲ್ಲಿಟ್ಟುಕೊಂಡು ಬಂದರು. ಅದನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟು ಕಾಲು ತೊಳೆಯಲು ಹಿತ್ತಲಿಗೆ ಹೋದರು. ಜಿಲ್ಲಾ ಪರಿಷತ್ ಸಭೆಯ ಫೋಟೋ. ಅಷ್ಟು ಜನರ ನಡುವೆ ಎಲ್ಲರಿಗಿಂತ ಮೇಲೆ ಎದ್ದಿರುವುದು ನಿನ್ನ ಕೈ. ನಾನು ಕೊಡಿಸಿದ ನೀಲಿ ಸೀರೆ, ಮುಖದ ತುಂಬ ಹಬ್ಬದ ನಗು. ಕೆಳಗೆ ಸುದ್ದಿ: ಕೆಂಚನಕೆರೆಯ ಕೆರೆ ಅಂಗಳದಲ್ಲಿ ಬೊಗ್ಗು, ಅಂದರೆ ಕಲ್ಲಿದ್ದಲು, ಉರಿಸಿ ಕರೆಂಟ್ ಮಾಡುವ ಕಾರ್ಖಾನೆ ಬರುತ್ತದೆ, ಅದರಲ್ಲಿ ಸರ್ಕಾರವೂ ಹಣ ಹೂಡುತ್ತದೆ, ಕೆರೆ ಅಂಗಳವನ್ನು ಪರಿಷತ್ತು ಸರ್ಕಾರದ ಪಾಲಿನ ಲೆಕ್ಕದಲ್ಲಿ ಕೊಡುತ್ತದೆ. ತೀರ್ಮಾನ ಪಾಸು. ನೀನು ಕೈ ಎತ್ತಿ ಕೊಟ್ಟದ್ದು ನಿನ್ನ ಬೀಗರ ಊರಿನ ಕೆರೆ ಅವ್ವ.

ಪಕ್ಕದಲ್ಲಿ ಇನ್ನೊಂದು ಚಿಕ್ಕ ಸುದ್ದಿ ಇತ್ತು. ಡೀಸೆಲ್ಲು, ಪೆಟ್ರೋಲು, ಬೊಗ್ಗು ಇಂಥ ವಿಷಯಗಳಿಗೆ ಸರ್ಕಾರದ ದುಡ್ಡು ಕೇಳಿದಾಗ ಯಾವ ಮೆಂಬರ್ ಯಾವ ಕಡೆ ಇದ್ದರೆಂದು ಗೆದ್ದಾಗಿನಿಂದ ಹುಡುಕಿ ಹಾಕಿದ್ದರು. ಪರಿಷತ್ತಿನ ದೊಡ್ಡ ಜನರೇಟರಿಗೆ ನೀನು ಅನುಕೂಲಂ. ಪೆಟ್ರೋಲ್ ಬಂಕಿಗೆ ಜಾಗ ಕೊಡುವುದಕ್ಕೆ ಅನುಕೂಲಂ. ಈಗ ಬೊಗ್ಗಿಗೂ ಅನುಕೂಲಂ. ತೆಲುಗಿನಲ್ಲಿ ಹಾಗೆಂದರೆ ಒಪ್ಪಿಗೆ ಎಂದು ಮಾವನಿಗೆ ಚೆನ್ನಾಗಿ ಗೊತ್ತು. ಆದರೂ ಕಾಲು ತೊಳೆದು ಬಂದು ನನ್ನನ್ನೇ ಕೇಳಿದರು, "ಯಾರಿಗೆ ಅನುಕೂಲ ಆತವ್ವ ಇದು?" ನೀರಿನ ಚೊಂಬು ಕೊಟ್ಟು ಒಳಗೆ ಬಂದೆ. ಅಗಳಿಯವರು ಏನು ಕೇಳಿದರೂ ಆಗಲಿ ಎನ್ನುತ್ತಾರೆ ಎಂದು ಮಡಕಶಿರಾದವರು ನಮ್ಮನ್ನು ರೇಗಿಸುತ್ತಿದ್ದದ್ದು ನೆನಪಾಗಿ, ಮೊದಲ ಸಲ ಆ ತಮಾಷೆಗೆ ಅಳು ಬಂತು.

ಆದರೆ ಅವ್ವ, ಅದರ ಹಿಂದಿನ ಸಂಜೆ ಅನಂತಪುರದ ಬಸ್ ಸ್ಟ್ಯಾಂಡಿನಿಂದ ನೀನೇ ನನಗೆ ಫೋನು ಮಾಡಿದ್ದೆ. ಬಸ್ಸುಗಳ ಹಾರನ್ ನಡುವೆ ಕೂಗಿ ಕೂಗಿ ಹೇಳಿದ್ದೆ. "ಗಂಗೂ, ಗೆದ್ದೆ ಕಣೇ! ನಮ್ ಪಾಪಣ್ಣನ ಇದ್ಲು ಬಟ್ಟಿಗೆ ಸರ್ಕಾರವೇ ದುಡ್ಡು ಹಾಕ್ತೈತಂತೆ. ಇನ್ಮ್ಯಾಲೆ ಚೆಕ್‌ಪೋಸ್ಟ್‌ನಾಗೆ ಯಾವನೂ ಮೂಟೆ ಹಿಡಿಯಂಗಿಲ್ಲ. ನಾನೇ ಮೊದ್ಲು ಕೈ ಎತ್ತಿದ್ದು ಕಣೇ!" ನನಗೂ ಖುಷಿಯಾಯಿತು. ನಮ್ಮೂರ ಪಾಪಣ್ಣ ಮಾವ ಬಳ್ಳಾರಿ ಜಾಲಿ ಕಡಿದು, ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ ಸುಟ್ಟು, ಇದ್ದಲು ಮಾಡಿ, ಗಡಿ ದಾಟಿಸಲು ಹೋಗಿ ಮೂಟೆ ಕಳೆದುಕೊಂಡು ಬಂದು ನಮ್ಮ ಜಗಲಿಯ ಮೇಲೆ ತಲೆ ಹಿಡಿದು ಕೂರುತ್ತಿದ್ದ. ಅವನಂಥವರಿಗೆ ಲೈಸೆನ್ಸು ಕೊಡಿಸಬೇಕು, ಬಟ್ಟಿಗೆ ಸಹಾಯ ಕೊಡಿಸಬೇಕು ಎಂದು ನೀನು ಮೆಂಬರ್ ಆದಾಗಿನಿಂದ ಅರ್ಜಿ ಹಿಡಿದು ಆಫೀಸು ಆಫೀಸು ತಿರುಗಿದ್ದೀಯ. ಆಫೀಸಿನವರ ಬಾಯಲ್ಲಿ ಅದು ಬೊಗ್ಗು. ಕೇಳಿ ಕೇಳಿ ಬೊಗ್ಗು ಅಂದರೆ ಪಾಪಣ್ಣ ಮಾವನ ಮೂಟೆ ಎಂದೇ ನಿನ್ನ ಕಿವಿಗೆ ಅಂಟಿಕೊಂಡಿದೆ.

ಸಭೆಯಲ್ಲಿ ಏನಾಗಿರಬೇಕೆಂದು ನಾನು ಪಕ್ಕದಲ್ಲೇ ಕೂತಿದ್ದಂತೆ ಹೇಳಬಲ್ಲೆ. ಛೇರ್ಮನ್ನರು ಒಂದೇ ಉಸಿರಿನಲ್ಲಿ ಗ್ರಾಂಥಿಕ ತೆಲುಗು ಓದಿದ್ದಾರೆ. ಮೇಲೆ ಫ್ಯಾನಿನ ಸದ್ದು, ಕೆಳಗೆ ಮಿಕ್ಸ್‌ಚರ್ ತಟ್ಟೆಗಳ ಸದ್ದು. ನಿನಗೆ ಕೇಳಿಸಿದ್ದು ಎರಡೇ ಮಾತು, ಬೊಗ್ಗು ಮತ್ತು ಪೆಟ್ಟುಬಡಿ. ಕನ್ನಡದ ಕಿವಿಗೆ ಹೊಡೆದಾಟದಂತೆ ಕೇಳಿಸಿದರೂ ಪೆಟ್ಟುಬಡಿ ಎಂದರೆ ಬಂಡವಾಳ ಎಂದು ವರ್ಷಾ ವರ್ಷಾ ಕಡಲೆಕಾಯಿ ಬಿತ್ತುವ ನಿನಗೆ ಯಾರೂ ಹೇಳಬೇಕಾಗಿಲ್ಲ. ಬೊಗ್ಗಿಗೆ ಸರ್ಕಾರದ ಬಂಡವಾಳ ಎಂದ ಕೂಡಲೇ ನಿನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. ನಮ್ಮಲ್ಲಿ ಕಟ್ಟಿಗೆ ಸುಟ್ಟದ್ದು ಇದ್ದಲು, ನೆಲ ಅಗೆದು ತೆಗೆದದ್ದು ಕಲ್ಲಿದ್ದಲು. ಅವರಿಗೆ ಎರಡೂ ಬೊಗ್ಗೇ. ಪೂರಾ ತೆಲುಗಿನವಳಾಗಿದ್ದರೆ ಯಾವ ಬೊಗ್ಗು ಎಂದು ಕೇಳುತ್ತಿದ್ದೆ. ತೆಲುಗೇ ಬಾರದವಳಾಗಿದ್ದರೆ ಹಾಗಂದರೇನು ಎಂದು ಕೇಳುತ್ತಿದ್ದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮಗೆ ಎಲ್ಲ ಗೊತ್ತು ಎಂದುಕೊಂಡುಬಿಡುತ್ತೇವೆ ನೋಡು, ಅಲ್ಲೇ ಎಡವಟ್ಟಾದದ್ದು.

ಎಡವಿದ್ದಕ್ಕೆ ನನಗೆ ಬೇಜಾರಿಲ್ಲ. ಎದ್ದು ಮಣ್ಣು ಕೊಡವಿಕೊಳ್ಳುವ ಬದಲು ಬೇಕೆಂದೇ ಬಿದ್ದೆ ಎಂದೆಯಲ್ಲ, ಅದಕ್ಕೆ ಬೇಜಾರು. ಎರಡು ದಿನ ಬಿಟ್ಟು ಅದೇ ಪೇಪರಿನಲ್ಲಿ ನಿನ್ನ ಹೇಳಿಕೆ ಬಂತು: ಎಲ್ಲ ತಿಳಿದು, ಆಲೋಚನೆ ಮಾಡಿಯೇ ಒಪ್ಪಿದ್ದೇನೆ, ಜಿಲ್ಲೆಯ ಅಭಿವೃದ್ಧಿಯೇ ನನಗೆ ಮುಖ್ಯ. ಅವ್ವ, ನೀನು ಹುಟ್ಟಿದಾಗಿನಿಂದ ಅಭಿವೃದ್ಧಿ ಎಂಬ ಮಾತು ಆಡಿದವಳಲ್ಲ. ಅದು ಅಪ್ಪನ ಮಾತು, ಇಲ್ಲವೇ ನಿನಗೆ ಟಿಕೆಟ್ ಕೊಡಿಸಿದ ಮುಖಂಡರ ಮಾತು. ಬೊಗ್ಗು ಎಂದರೇನೆಂದು ತಿಳಿಯದ ಮೆಂಬರ್ ಎಂದು ಜನ ನಗುತ್ತಾರೆಂಬ ನಾಚಿಕೆಗೆ ನೀನು ಹೂಂ ಎಂದಿದ್ದೀಯ.

ಬಸ್ ಸ್ಟ್ಯಾಂಡಿನ ಆ ಫೋನಿನ ವಿಷಯ ನಾನು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಲು ಧೈರ್ಯ ತಂದುಕೊಳ್ಳುವಷ್ಟರಲ್ಲಿ ನಿನ್ನ ಹೇಳಿಕೆ ಬಂತು. ತಿಳಿದೇ ಮಾಡಿದೆ ಎಂದು ತಾಯಿಯೇ ಹೇಳಿದ ಮೇಲೆ, ತಿಳಿಯದೆ ಮಾಡಿದಳು ಎಂದು ಮಗಳು ಹೇಳಿದರೆ ಯಾರು ನಂಬುತ್ತಾರೆ?

ಊರಿನಲ್ಲಿ ಏನೆನ್ನುತ್ತಾರೆ ಕೇಳು. ಅಪ್ಪನ ಹೆಸರು ಹಿಡಿದೇ, ಕಾಟಪ್ಪನ ಕೈ ಬೆಚ್ಚಗಾಗದೆ ಹೆಂಡತಿಯ ಕೈ ಅಷ್ಟು ಮೇಲಕ್ಕೆ ಹೋಗುತ್ತಿತ್ತೇ ಎನ್ನುತ್ತಾರೆ. ನಲ್ಲಿಯ ಹತ್ತಿರ ನಾನು ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತದೆ. ಹೊಟ್ಟೆ ನೋಡಿ ದಾರಿ ಬಿಡುತ್ತಾರೆ, ಮುಖ ನೋಡುವುದಿಲ್ಲ. ಇವರು, ನಿನ್ನ ಅಳಿಯ ಕಿರಣ್ ಕುಮಾರ್, ಮಾತು ಕಡಿಮೆಯವರಾದರೂ ಒಂದು ದಿನ "ನಿಮ್ಮವ್ವಾರು ಅಂಥೋರಲ್ಲ ಬಿಡು" ಎಂದರು. ಅಷ್ಟು ಹೇಳಿ ಕೆರೆಯ ಕಡೆ ಹೊರಟರು. ಅವರೂ ಆ ಕೆರೆಯಲ್ಲಿ ಈಜು ಕಲಿತವರು.

ಇಲ್ಲಿಯವರ ಪಾಡು ನಿನಗೆ ಗೊತ್ತಿರಲಿ. ಓಬಳಾಪುರದ ಕಡೆಯಿಂದ ಅದಿರು ಲಾರಿ ಓಡಾಡಿ ಎದ್ದ ಕೆಂಪು ಧೂಳು ಇಲ್ಲಿಯ ಗಿಡದೆಲೆ, ಗೋಡೆ, ಒಣಗಿ ಹಾಕಿದ ಬಟ್ಟೆ ಎಲ್ಲಕ್ಕೂ ಹತ್ತಿದೆ. "ಕೆಂಪು ಧೂಳು ಕುಡದದ್ದಾತು, ಇನ್ನ ಕರೀ ಬೂದಿ ಒಂದು ಬಾಕಿ ಇತ್ತೇನ್ರಿ" ಎಂದು ಮಾವ ಬಂದವರ ಹತ್ತಿರವೆಲ್ಲ ಕೇಳುತ್ತಾರೆ. ಕೆರೆಯಲ್ಲಿ ಎಲ್ಲ ವರ್ಷವೂ ನೀರು ನಿಲ್ಲುವುದಿಲ್ಲ, ನಿಜ. ನಿಂತ ವರ್ಷ ಸುತ್ತಲಿನ ಬಾವಿಗೂ ಬೋರಿಗೂ ಜೀವ ಬರುತ್ತದೆ. ಒಣಗಿದ ವರ್ಷ ಅಂಗಳದಲ್ಲಿ ಊರಿನ ಕುರಿಯೆಲ್ಲ ಮೇಯುತ್ತದೆ. ಮಾವ ಈಗ ದಿನಾ ಸಂಜೆ ಏರಿಯ ಮೇಲೆ ಹೋಗಿ ಸುಮ್ಮನೆ ನಿಂತು ಬರುತ್ತಾರೆ.

ಕರೆಂಟ್ ಬೇಡವೆನ್ನುವ ದಡ್ಡಿ ನಾನಲ್ಲ. ನಮ್ಮದು ಪೀಸ್ ಲೆಕ್ಕದ ಕೂಲಿ, ಮಿಷನ್ ನಿಂತರೆ ಕೂಲಿಯೂ ನಿಂತಿತು. ಓನರ್ ಜನರೇಟರ್ ಹಾಕಿದರೆ ಹೊಗೆಯೆಲ್ಲ ನಾವು ಕೂತಲ್ಲಿಗೇ ಬರುತ್ತದೆ, ಡೀಸೆಲ್ ದುಬಾರಿ ಎಂದು ಅದನ್ನೂ ಬೇಗ ಆರಿಸುತ್ತಾನೆ. ಪಕ್ಕದ ಮಿಷನ್ನಿನ ಕೊಟ್ರಮ್ಮ ನಿನ್ನ ಫೋಟೋ ನೋಡಿ "ನಿಮ್ಮವ್ವ ಚಲೋ ಮಾಡ್ಯಾಳ ಬಿಡು, ಇನ್ನ ಕರೆಂಟ್ ಹೋಗಂಗಿಲ್ಲ" ಎಂದಳು. ಮೂರು ಮಕ್ಕಳನ್ನು ಆ ಮಿಷನ್ ಮೇಲೆ ಸಾಕುವವಳು, ಅವಳ ಮಾತಿನಲ್ಲಿ ತಪ್ಪೇನಿದೆ? ಕೆರೆ ಹೋದರೂ ಪರವಾಗಿಲ್ಲ, ಕೊಟ್ರಮ್ಮನಂಥವರಿಗೆ ಕರೆಂಟ್ ಬೇಕು ಎಂದು ತಿಳಿದು ತಿಳಿದೇ ನೀನು ಕೈ ಎತ್ತಿದ್ದರೆ ನಾನು ನಿನ್ನ ಜೊತೆ ಬಾಯಿ ನೋಯುವಷ್ಟು ಜಗಳವಾಡುತ್ತಿದ್ದೆ. ಹೀಗೆ ಹೆದರಿ ಕೂರುತ್ತಿರಲಿಲ್ಲ.

ಹೆದರಿಕೆ ಯಾವುದೆಂದು ಬಿಡಿಸಿ ಹೇಳುತ್ತೇನೆ. ಇಲ್ಲಿ ಸೀಮಂತಕ್ಕೆ ಕುಬುಸ ಎನ್ನುತ್ತಾರೆ. ತವರಿನವರು ಬಂದು ಕುಬುಸ ಮಾಡಿ, ಬಳೆ ತೊಡಿಸಿ, ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋಗಬೇಕು. ನಮ್ಮ ಅತ್ತೆ ಹಂಪಕ್ಕನವರು ಈಗ ಅದು ಬೇಡ ಎನ್ನುತ್ತಿದ್ದಾರೆ. ಕೆರೆ ಕೊಟ್ಟ ಕೈಯಿಂದ ಬಳೆ ತೊಡಿಸಿಕೊಳ್ಳುವುದು ಬೇಡವಂತೆ. ನೀನು ಸಭೆಯಲ್ಲಿ ಮಾತು ವಾಪಸ್ ತೆಗೆದುಕೊಳ್ಳುವವರೆಗೆ ನನ್ನನ್ನು ಅಗಳಿಯ ಬಸ್ಸು ಹತ್ತಿಸುವುದಿಲ್ಲವಂತೆ. ಹೆರಿಗೆ ರಾಯದುರ್ಗದ ಆಸ್ಪತ್ರೆಯಲ್ಲೇ ಆಗಲಿ ಎಂದು ತೀರ್ಮಾನವಾಗಿದೆ. ನನಗೆ ಹೆರಿಗೆ ಎಂದರೆ ಎಷ್ಟು ಭಯವೆಂದು ನಿನಗಲ್ಲದೆ ಯಾರಿಗೆ ಹೇಳಲಿ? ಚಿಕ್ಕಮ್ಮ ಹೆರಿಗೆಯಲ್ಲಿ ಹೋದಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ನೀನು ತಲೆಯ ಹತ್ತಿರ ಕೂತಿರುತ್ತೀಯ ಎಂಬ ಒಂದೇ ಧೈರ್ಯದಲ್ಲಿ ಇಷ್ಟು ತಿಂಗಳು ಕಳೆದಿದ್ದೇನೆ.

ಗುರುವಾರ ಮತ್ತೆ ಸಭೆ ಇದೆ. ಕಳೆದ ಸಲದ ತೀರ್ಮಾನವನ್ನು ಖಾಯಂ ಮಾಡುವ ಮೊದಲು ಈ ಸಲ ಒಬ್ಬೊಬ್ಬರ ಹೆಸರು ಕೂಗಿ ಕೇಳುತ್ತಾರಂತೆ. ಅದಾದ ಮೇಲೆ ಗೊತ್ತಾಗಲಿಲ್ಲ ಎನ್ನಲು ನಿನಗೆ ಜಾಗವೇ ಇರುವುದಿಲ್ಲ. ನಿನ್ನ ಹೆಸರು ಕೂಗಿದಾಗ ಎದ್ದು ನಿಂತು ಕನ್ನಡದಲ್ಲೇ ಹೇಳು. ತೆಲುಗಿನಲ್ಲಿ ಶುರು ಮಾಡಿದರೆ ಅಪ್ಪ ಬಾಯಿಪಾಠ ಮಾಡಿಸಿದ್ದೇ ಹೊರಗೆ ಬರುತ್ತದೆ. ನಮ್ಮೂರ ಇದ್ಲು ಅಂದ್ಕಂಡೆ, ಕಲ್ಲಿದ್ಲು ಅಂತ ತಿಳೀಲಿಲ್ಲ, ನಮ್ ಬೀಗರ ಕೆರೆ ಅಂತ್ಲೂ ತಿಳೀಲಿಲ್ಲ, ನನ್ ಕೈ ವಾಪಸ್ ತಗೊಂಡಿವ್ನಿ. ಇಷ್ಟು ಸಾಕು. ನಗುತ್ತಾರೆ, ನಗಲಿ. ಕಾಸು ತಿಂದವಳು ಎನಿಸಿಕೊಳ್ಳುವುದಕ್ಕಿಂತ ಮಾತು ತಿಳಿಯದವಳು ಎನಿಸಿಕೊಳ್ಳುವುದು ಎಷ್ಟೋ ವಾಸಿ. ಮುಖಂಡರು ಮುಂದಿನ ಸಲ ಟಿಕೆಟ್ ಕೊಡಲಿಕ್ಕಿಲ್ಲ. ಅಪ್ಪ ಸಿಟ್ಟಿಗೆ ಊಟ ಬಿಡುತ್ತಾನೆ, ಹಸಿವಾದಾಗ ಉಣ್ಣುತ್ತಾನೆ. ನೀನೊಬ್ಬಳು ಬೇಡವೆಂದರೆ ಕಾರ್ಖಾನೆ ನಿಲ್ಲುತ್ತದೆಂದು ನಾನು ತಿಳಿದಿಲ್ಲ. ಮಿಕ್ಕವರೆಲ್ಲ ಸೇರಿ ಪಾಸು ಮಾಡಿಯಾರು. ಆದರೂ ನೀನು ಹೇಳಬೇಕು.

ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತೇನೆಂದು ನಾನು ಹೊರಟಾಗ ಊರು ಬಾಯಿಗೆ ಬಂದಂತೆ ಆಡಿತು. ಅಲ್ಲಿಗೆ ಹೋದ ಹುಡುಗಿಯರು ಹೇಗಾಗುತ್ತಾರೆಂದು ಅಪ್ಪನಿಗೂ ಅನುಮಾನ. ನೀನು ನನ್ನನ್ನು ಒಂದು ಮಾತೂ ಕೇಳಲಿಲ್ಲ. "ನನ್ ಮಗ್ಳು ಎಂಥೋಳು ಅಂತ ನಂಗೊತ್ತು" ಎಂದು ಅಷ್ಟು ಜನರ ಮುಂದೆ ನನ್ನ ಬ್ಯಾಗು ಹೊತ್ತುಕೊಂಡು ಬಸ್ ಹತ್ತಿಸಿದೆ. ಪೀಣ್ಯದ ರೂಮಿನಲ್ಲಿ ಎಷ್ಟೋ ಸಲ ಆ ಮಾತು ನೆನೆದು ನಿದ್ದೆ ಮಾಡಿದ್ದೇನೆ. ಈಗ ಅದೇ ಮಾತನ್ನು ನಾನು ಇಲ್ಲಿಯವರ ಮುಂದೆ ನಿನ್ನ ಬಗ್ಗೆ ಹೇಳಬೇಕು. ಹೇಳಲು ಬಾಯಿ ತೆಗೆದವಳು ಕೊಡ ಎತ್ತಿಕೊಂಡು ಮನೆಗೆ ಬಂದುಬಿಡುತ್ತೇನೆ.

ಆರೋಗ್ಯ ನೋಡಿಕೋ. ಕೆಮ್ಮಿಗೆ ಬಿಸಿನೀರು ಕುಡಿ. ಕಾಗದ ತಲುಪಿದ ಮೇಲೆ ನೀನೇ ಫೋನು ಮಾಡು, ಅಪ್ಪನ ಕೈಯಲ್ಲಿ ಮಾಡಿಸಬೇಡ.

ಫೋನಿನ ಮೇಲೇ ಕಣ್ಣಿಟ್ಟುಕೊಂಡಿರುವ,
ನಿನ್ನ ಗಂಗೂ

ತಾ.ಕ.: ಕಾಗದವನ್ನು ಅಂಜಿಯ ಕೈಗೆ ಕೊಟ್ಟು ಮತ್ತೆ ಇಸಿದುಕೊಂಡೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದು ಹಾಗೇ ನಿನಗೆ ತಲುಪಬಾರದು. ಅತ್ತೆ ನನ್ನನ್ನು ಕಳಿಸುವುದಿಲ್ಲ ಎಂದಿಲ್ಲ. ಕುಬುಸಕ್ಕೆ ದಿನ ನೋಡಿಸಿ ಹಸಿರು ಸೀರೆ ತಂದಿಟ್ಟವರೇ ಅವರು. "ವೋಟು ವೋಟಿನ ಕಡೀಗಿರ್ಲಿ, ತಾಯಿ ಅಂದ್ರ ತಾಯಿನ, ಹೋಗಿ ಬಾರವ್ವ" ಎಂದು ದಿನಾ ಹೇಳುತ್ತಾರೆ. ಹೋಗುವುದಿಲ್ಲ ಎಂದವಳು ನಾನು. ಅತ್ತೆಯ ಹೆಸರು ಹೇಳಿದರೆ ನೀನು ತಟ್ಟನೆ ನಂಬುತ್ತೀಯ ಎಂದು ಹಾಗೆ ಬರೆದೆ. ನೀನು ಮಾತು ತಿಳಿಯದೆ ಕೈ ಎತ್ತಿದೆ ಎಂದು ಇಷ್ಟುದ್ದ ಬರೆದೆನಲ್ಲ ಅವ್ವ, ನೀನು ಫೋನು ಎತ್ತದ ಒಂದೊಂದು ದಿನವೂ ನನಗೇ ಅನುಮಾನ ಬೆಳೆಯುತ್ತಿದೆ. ಆ ಸಂಜೆ ಬಸ್ ಸ್ಟ್ಯಾಂಡಿನಿಂದ ಆಡಿದ್ದು ನಿನ್ನ ಮಾತೋ, ತಿಳಿದೇ ಕೈ ಎತ್ತಿದ್ದನ್ನು ಮುಚ್ಚಲು ಪಕ್ಕದಲ್ಲಿ ನಿಂತು ಅಪ್ಪ ಹೇಳಿಕೊಟ್ಟದ್ದೋ ಎಂದು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ನಿನ್ನ ಮನೆಯಲ್ಲಿ ಹೆರಲಾರೆ. ಗುರುವಾರ ಎದ್ದು ನಿಂತು ಹೇಳು. ಅಲ್ಲಿ ಯಾರೂ ನಂಬದಿದ್ದರೂ ಚಿಂತೆಯಿಲ್ಲ, ನಾನು ನಂಬಬೇಕು.